ಗಡಿಯಾರ ನೋಡಿ ಹೇಳಿದ್ದು

ನಮ್ಮ ಬಾಹ್ಯಾಕಾಶ ಸಂಸ್ಥೆಯಲ್ಲಿ ನನ್ನನ್ನು ಎಲ್ಲರೂ ಅಶರೀರವಾಣಿ ಎಂದು ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಹಾರಿದ ಪ್ರತಿಯೊಂದು ರಾಕೆಟ್ಟಿಗೂ, ಇಳಿದ ಪ್ರತಿಯೊಂದು ನೌಕೆಗೂ ಟೀವಿ ರೇಡಿಯೋಗಳಲ್ಲಿ ವಿವರಣೆ ಕೊಟ್ಟವನು ನಾನು. ಜನರಿಗೆ ಹೊಗೆ ಕಾಣುತ್ತಿತ್ತು, ಬೆಂಕಿ ಕಾಣುತ್ತಿತ್ತು, ನಾನು ಮಾತ್ರ ಕಾಣುತ್ತಿರಲಿಲ್ಲ. ಲಿಫ್ಟಿನಲ್ಲಿ ಮೊದಲ ಸಲ ಎದುರಾದವರು, ನಾನು ಬಾಯಿ ತೆರೆದ ಕೂಡಲೇ, ಮಾತಾಡಿದವರು ನನ್ನ ಹಿಂದೆ ಎಲ್ಲಿದ್ದಾರೆ ಎಂದು ಇಣುಕುತ್ತಿದ್ದರು. ಆ ಶಾರೀರಕ್ಕೆ ಈ ಶರೀರ ಸಾಲದು ಎಂಬುದು ಕ್ಯಾಂಟೀನಿನ ಹಳೆಯ ಜೋಕು. ಅದನ್ನು ಹಬ್ಬಿಸಿದವನೂ ನಾನೇ.

ಕೆಲಸ ಸಿಕ್ಕಿದ್ದೇ ಅಣಕದಿಂದ. ಸಂದರ್ಶನಕ್ಕೆ ಕೂತಿದ್ದ ಮೂವರು ನಿನಗೇನು ಬರುತ್ತದೆ ಎಂದು ಕೇಳಿದಾಗ, ಅದೇ ಪ್ರಶ್ನೆಯನ್ನು ಮೂವರ ದನಿಯಲ್ಲೂ ಒಂದೊಂದು ಸಲ ಅವರಿಗೇ ತಿರುಗಿಸಿ ಕೇಳಿದೆ. ನಕ್ಕ ಇಬ್ಬರು ಬೇಡವೆಂದರಂತೆ, ನಗದೆ ಕೂತಿದ್ದವರು ಇವನೇ ಇರಲಿ ಎಂದರಂತೆ. ಅಂದಿನಿಂದ ಪ್ರಚಾರ ವಿಭಾಗದಲ್ಲೇ ಬೇರು ಬಿಟ್ಟೆ. ಎಂಜಿನಿಯರುಗಳಿಗೂ ನಮಗೂ ಅಷ್ಟಕ್ಕಷ್ಟೇ. ನೌಕೆ ಅವರದು, ನೌಕರಿ ನಮ್ಮದು. ಉಡಾವಣೆ ಅವರದು, ಉಡಾಫೆ ನಮ್ಮದು ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಹಾಗೆ ಹೇಳುವವನನ್ನು ಯಾರೂ ಅನುಮಾನಿಸುವುದಿಲ್ಲ.

ವಿವರಣೆ ಕೊಡುವ ಕೋಣೆ ಚಿಕ್ಕದು. ಒಂದು ಮೇಜು, ಒಂದು ಮೈಕು, ಎದುರಿಗೆ ದೊಡ್ಡ ಗಡಿಯಾರ, ಎಡಕ್ಕೆ ಗಾಜಿನ ಗೋಡೆ. ಗಾಜಿನ ಆಚೆಗೆ ನಿಯಂತ್ರಣ ಕೊಠಡಿ. ಅಲ್ಲಿಂದ ಒಬ್ಬ ಎಂಜಿನಿಯರ್ ನನಗೆ ಚೀಟಿ ತೋರಿಸಬೇಕು: ಆಗಬೇಕಾದದ್ದು ಆಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಚೀಟಿ ಎತ್ತಿದ ಹೊತ್ತನ್ನು ಅವರು ಪುಸ್ತಕದಲ್ಲಿ ಬರೆಯಬೇಕು. ಚೀಟಿ ನೋಡದೆ ನಾನು ಬಾಯಿ ತೆರೆಯಬಾರದು. ಇದು ನಿಯಮ.

ಆದರೆ ಒಂದೊಂದು ಅಂಕಿಯನ್ನೂ ಮೂರು ಮಂದಿ ತಾಳೆ ನೋಡಿ ಹಸಿರು ಎತ್ತುವ ಹೊತ್ತಿಗೆ ಮುಕ್ಕಾಲು ನಿಮಿಷ ಕಳೆದಿರುತ್ತಿತ್ತು. ನಾನು ಸೇರಿದ ಮೂರನೆಯ ವರ್ಷ ಮಂತ್ರಿಯೊಬ್ಬರು, ನಿಮ್ಮ ವಿವರಣೆಯವನು ಊಟ ಮುಗಿದ ಮೇಲೆ ಎಲೆ ಹಾಕುತ್ತಾನೆ ಎಂದರು. ಮರುವಾರವೇ ನಾನೊಂದು ಹಾಳೆ ಮಾಡಿದೆ. ಎಡಕ್ಕೆ ಗಂಟೆ, ನಿಮಿಷ, ಸೆಕೆಂಡು. ಬಲಕ್ಕೆ ನಾನಾಡಬೇಕಾದ ಮಾತು. ಯಂತ್ರಗಳು ಹೊತ್ತಿಗೆ ಸರಿಯಾಗಿ ನಡೆಯುತ್ತವೆ, ನಾನೂ ಹೊತ್ತಿಗೆ ಸರಿಯಾಗಿ ಮಾತಾಡಿದೆ. ಚೀಟಿ ಆಮೇಲೆ ಬರುತ್ತಿತ್ತು, ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಬಂದ ಹಾಗೆ. ಇಪ್ಪತ್ತೆಂಟು ವರ್ಷ ಒಂದು ಸಲವೂ ತಪ್ಪಲಿಲ್ಲ. ಆ ಹಾಳೆಗೆ ವಿಭಾಗದಲ್ಲಿ ನನ್ನ ಹೆಸರನ್ನೇ ಇಟ್ಟರು. ಹೊಸಬರಿಗೆ ತರಬೇತಿಯಲ್ಲಿ ಅದನ್ನು ಹಂಚುತ್ತಿದ್ದರು.

ಕಡೆಯ ನಾಲ್ಕು ವರ್ಷ ಗಾಜಿನ ಆಚೆ ಇದ್ದವಳು ಇಪ್ಪತ್ತಾರರ ಹುಡುಗಿ. ಚೀಟಿ ಎಂದೇ ಅವಳನ್ನು ಕರೆಯುತ್ತಿದ್ದೆವು. ಒಂದು ಕೈಯಲ್ಲಿ ಚೀಟಿ ಎತ್ತಿ ಇನ್ನೊಂದರಲ್ಲಿ ಬರೆಯಲು ಪರದಾಡುತ್ತಿದ್ದಳು. ಅವಳ ಪುಸ್ತಕದ ಹೊತ್ತು ನನ್ನ ಮಾತಿನ ಹೊತ್ತಿಗಿಂತ ಹಿಂದೆ ಬೀಳುತ್ತಿತ್ತು, ಲೆಕ್ಕಪರಿಶೋಧಕರು ಅದಕ್ಕೆ ಕೊಕ್ಕೆ ಹಾಕುತ್ತಿದ್ದರು. ನನ್ನ ಹಾಳೆ ನೋಡಿಕೊಂಡು ಹೊತ್ತುಗಳನ್ನೆಲ್ಲ ಬೆಳಿಗ್ಗೆಯೇ ಬರೆದಿಟ್ಟುಕೋ ತಾಯಿ, ಇಬ್ಬರಿಗೂ ಸುಖ ಎಂದೆ. ಅವಳು ಪೆನ್ನಿನ ಮುಚ್ಚಳ ಕಚ್ಚಿ, "ಏನಾದ್ರೂ ತಪ್ಪಾದ್ರೆ ಸಾರ್?" ಎಂದು ಕೇಳಿದಳು. ನಮ್ಮ ನಿರ್ದೇಶಕರ ಹಾಗೆ ಮೂಗಿನಲ್ಲಿ ಉಸಿರೆಳೆದು, "ನಾನು ಹೇಳ್ತಾ ಇಲ್ಲ, ಸುಮ್ನೆ ಹೇಳ್ತಾ ಇದೀನಿ, ತಪ್ಪು ಅನ್ನೋದು ನಮ್ಮಲ್ಲಿ ಮಂಜೂರಾದ ಹುದ್ದೆ ಅಲ್ಲ" ಎಂದೆ. ಅವಳು ನಕ್ಕುಬಿಟ್ಟಳು. ನಕ್ಕ ಮೇಲೆ ಬರೆದಳು.

ಆ ದಿನ ಮೂವರು ಗಗನಯಾತ್ರಿಗಳು ಹನ್ನೊಂದು ದಿನ ಮೇಲಿದ್ದು ಮರಳುತ್ತಿದ್ದರು. ಬೆಳಗಿನ ಹತ್ತು ಗಂಟೆ ಹದಿನೇಳು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಖ್ಯ ಪ್ಯಾರಾಚೂಟ್ ತೆರೆಯಬೇಕು. ನೌಕೆ ಇನ್ನೂ ಮೋಡದ ಮೇಲಿತ್ತು, ಯಾವ ಕ್ಯಾಮೆರಾಕ್ಕೂ ಸಿಕ್ಕಿರಲಿಲ್ಲ. ನಾನು ಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತಿದ್ದೆ. ಅದು ನಾಲ್ಕರ ಅಂಕಿ ಮುಟ್ಟಿತು. "ಮುಖ್ಯ ಪ್ಯಾರಾಚೂಟ್ ತೆರೆದಿದೆ. ಮನೆಯವರು ಇನ್ನು ನಿರಾಳವಾಗಿ ಉಸಿರು ಬಿಡಬಹುದು" ಎಂದೆ. ಎರಡನೆಯ ವಾಕ್ಯ ಹಾಳೆಯಲ್ಲಿ ಇರಲಿಲ್ಲ. ಅದು ನನ್ನ ಕೈಯಿಂದ ಹಾಕಿದ ಒಗ್ಗರಣೆ. ಮೂವರ ಮನೆಯವರೂ ಕೆಳಗಿನ ಅಂತಸ್ತಿನಲ್ಲಿ ಸ್ಪೀಕರಿಗೆ ಕಿವಿಗೊಟ್ಟು ಕೂತಿದ್ದರು. ಅವರ ಚಪ್ಪಾಳೆ ನೆಲದೊಳಗಿನಿಂದ ಬಂದು ನನ್ನ ಅಂಗಾಲಿಗೆ ತಟ್ಟಿತು.

ನಾನು ನೌಕೆಯ ತೂಕ ಹೇಳಿದೆ, ಪ್ಯಾರಾಚೂಟಿನ ಅಗಲ ಹೇಳಿದೆ, ಅದರ ಬಣ್ಣ ಹೇಳಿದೆ. ಐವತ್ತೆರಡು ಸೆಕೆಂಡು ಕಳೆದ ಮೇಲೆ, ನೀರು ಕುಡಿಯಲು ತಿರುಗಿದಾಗ, ಗಾಜಿನತ್ತ ಕಣ್ಣು ಹೋಯಿತು. ಚೀಟಿ ಎದ್ದು ನಿಂತಿದ್ದಳು. ಕೆಂಪು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿಗೆ ಒತ್ತಿದ್ದಳು. ತಲೆ ಅಲ್ಲಾಡಿಸುತ್ತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಾಡಿಸುತ್ತಿದ್ದಳೋ, ಅವಳ ಜಡೆ ಮುಂದಕ್ಕೆ ಬಿದ್ದಿತ್ತು.

ಆಮೇಲೂ ನಾನು ಮಾತಾಡಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಬಾಯಿ ತಾನಾಗಿಯೇ ಸಮುದ್ರ ಶಾಂತವಾಗಿದೆ, ಗಾಳಿ ಮಂದವಾಗಿದೆ ಎನ್ನುತ್ತಲೇ ಇತ್ತು. ಯಾರೋ ಬಂದು ಮೈಕಿನ ವೈರು ಎಳೆದರು.

ಪ್ಯಾರಾಚೂಟ್ ತೆರೆಯದೆ ನೌಕೆ ಸಮುದ್ರಕ್ಕೆ ಬಿತ್ತು, ಮೂವರೂ ಉಳಿಯಲಿಲ್ಲ. ಬಿದ್ದದ್ದು ಯಾಕೆ ಎಂಬುದಕ್ಕೆ ಒಂದು ಸಮಿತಿಯಾಯಿತು, ಬಿದ್ದಿಲ್ಲ ಅಂದದ್ದು ಯಾಕೆ ಎಂಬುದಕ್ಕೆ ಇನ್ನೊಂದು. ಮೂರನೆಯ ದಿನ ನಿರ್ದೇಶಕರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಚೀಟಿಯ ಪುಸ್ತಕ ಇತ್ತು. ಅವಳ ದುಂಡು ಅಕ್ಷರದಲ್ಲಿ ಹತ್ತು ಹದಿನೇಳು ಇಪ್ಪತ್ತು, ಹಸಿರು ಎಂದು ಬರೆದಿತ್ತು. ಆ ಹುಡುಗಿ ಕೆಂಪು ಎತ್ತಿದೆ ಅನ್ನುತ್ತಿದ್ದಾಳೆ, ಪುಸ್ತಕದಲ್ಲಿ ಹಸಿರು ಇದೆ, ಮಿಕ್ಕವರೆಲ್ಲ ಪರದೆ ನೋಡುತ್ತಿದ್ದರು, ಅವಳನ್ನು ನೋಡಿದವರು ಬೇರೆ ಯಾರೂ ಇಲ್ಲ ಎಂದು ಅವರು ವಿವರಿಸಿದರು.

"ನಾನು ಹೇಳ್ತಾ ಇಲ್ಲ," ಎಂದು ಮೂಗಿನಲ್ಲಿ ಉಸಿರೆಳೆದರು, "ಸುಮ್ನೆ ಹೇಳ್ತಾ ಇದೀನಿ. ನೀವು ಹಸಿರು ನೋಡಿದ್ರಿ, ಮಾತಾಡಿದ್ರಿ. ಅಷ್ಟೇ ತಾನೆ? ಇಲ್ಲ ಅಂದ್ರೆ ಇಪ್ಪತ್ತೆಂಟು ವರ್ಷದ್ದು ಎಲ್ಲಾ ಬಿಚ್ಚಬೇಕಾಗುತ್ತೆ."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸಮಿತಿಯ ಮುಂದೆಯೂ ಅಡ್ಡಗೋಡೆಯ ಮೇಲೆ ದೀಪ ಇಟ್ಟೆ: ದಾಖಲೆ ಏನು ಹೇಳುತ್ತದೋ ಅದೇ ಸರಿ ಎಂದೆ. ಮರುದಿನ ಚೀಟಿಯನ್ನು ಅಮಾನತು ಮಾಡಿದರು. ತಪ್ಪು ಸಂಕೇತ ಕೊಟ್ಟಳೆಂಬ ಆರೋಪ ಸಾಬೀತಾದರೆ ಕೆಲಸ ಹೋಗುತ್ತಿತ್ತು. ಹೋದರೆ ಈ ವಿದ್ಯೆಗೆ ಅವಳಿಗೆ ಇನ್ನೆಲ್ಲೂ ಬಾಗಿಲು ತೆರೆಯುತ್ತಿರಲಿಲ್ಲ.

ಒಂಬತ್ತನೆಯ ದಿನ ಸತ್ತ ಕಮಾಂಡರನ ಹೆಂಡತಿ ಕಚೇರಿಗೆ ಫೋನ್ ಮಾಡಿ, ಅವತ್ತು ಮಾತಾಡಿದವರನ್ನು ನೋಡಬೇಕು ಎಂದರು. ಮನೆ ಮೂರನೆಯ ಮಹಡಿಯಲ್ಲಿತ್ತು. ಓಣಿಯಂಥ ಪಡಸಾಲೆಯಲ್ಲಿ ಮಕ್ಕಳ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಪಕ್ಕದ ಬೋಗುಣಿಯ ನೀರಿನಲ್ಲಿ ಅದರ ಟ್ಯೂಬು ಮುಳುಗಿತ್ತು. ಮೇಲಕ್ಕೆ ಹೊರಡುವ ಮುಂಚೆ ಕಮಾಂಡರು ಪಂಕ್ಚರು ಹುಡುಕುತ್ತಿದ್ದರಂತೆ. ಅದನ್ನು ಎತ್ತಿಡಲು ಯಾರಿಗೂ ಕೈ ಬಂದಿರಲಿಲ್ಲ. ನೀರಿನ ಮೇಲೆ ಧೂಳು ಕಟ್ಟಿತ್ತು.

ಆಕೆ ಅಳಲಿಲ್ಲ. ಒಂದು ವಿಷಯ ಹೇಳಬೇಕಿತ್ತು, ಹೇಳಿದರು. ನನ್ನ ಮಾತು ಕೇಳಿದ ಕೂಡಲೇ ಆಕೆ ಮಗಳ ಶಾಲೆಗೆ ಫೋನ್ ಮಾಡಿದ್ದರು. ಮಗಳಿಗೆ ಹತ್ತು ವರ್ಷ. ಟೀಚರು ಮಗುವನ್ನು ಕರೆದು ಫೋನು ಕೊಟ್ಟರು. ಅಪ್ಪ ಬಂದ್ರು ಪುಟ್ಟಾ ಎಂದು ಆಕೆ ಹೇಳಿದರು. ಮಗು ಕ್ಲಾಸಿಗೆ ಓಡಿ ಎಲ್ಲರಿಗೂ ಹೇಳಿತು, ಎಲ್ಲರೂ ಮೇಜು ಬಡಿದರು.

"ಈಗ ನಾನು ಏನು ಹೇಳಿದ್ರೂ ನಂಬಲ್ಲ," ಎಂದರು. "ಹಾಲು ಆರಿದೆ ಕುಡಿ ಅಂದ್ರೆ ಬೆರಳು ಇಟ್ಟು ನೋಡ್ತಾಳೆ. ಇವತ್ತು ಶಾಲೆ ಇದೆ ಅಂದ್ರೆ ಕಿಟಕಿಗೆ ಹೋಗಿ ಬೇರೆ ಮಕ್ಕಳು ಹೋಗ್ತಿದಾರಾ ಅಂತ ನೋಡ್ತಾಳೆ. ಅಪ್ಪ ಸತ್ತಿದ್ದೂ ನಿಜಾನೋ ಅಲ್ವೋ ಅಂತ ಮೊನ್ನೆ ಕೇಳಿದ್ಲು. ನನ್ನ ಬಾಯಲ್ಲಿ ಆ ಮಾತು ಹೇಳಿಸಿದ್ದು ನೀವು. ನೀವು ನೋಡಿ ಹೇಳಿದ್ರಾ?"

ಅದೊಂದೇ ಪ್ರಶ್ನೆ. ಅಷ್ಟು ಹತ್ತಿರದಿಂದ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳುಗರು ಯಾವಾಗಲೂ ಮೈಕಿನ ಆಚೆ ಇರುತ್ತಿದ್ದರು. ಗಂಟಲಿನಲ್ಲಿ ಹಳೆಯ ದನಿ ತಾನೇ ಎದ್ದು ಬಂತು, ಮೃದುವಾಗಿ, ಭಾರವಾಗಿ, ತೂಕ ಹಾಕಿದ ಹಾಗೆ.

"ನನಗೆ ಹಸಿರು ಚೀಟಿ ತೋರಿಸಿದ್ರಮ್ಮ," ಎಂದೆ.

ತೋರಿಸಿದವರು ಯಾರು ಎಂದು ಆಕೆ ಕೇಳಿದರು. ಯಾರೆಂದು ಹೇಳಿದೆ. ಆಕೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಹೆಸರು ಬರೆದುಕೊಂಡರು. ನಾನು ಕಾಗುಣಿತವನ್ನೂ ತಿದ್ದಿ ಹೇಳಿದೆ.

ಮನೆಗೆ ಬಂದು ನನ್ನಾಕೆಯ ಮುಂದೆ ಅದನ್ನೆಲ್ಲ ಹೇಳಿದೆ, ಕಡೆಯ ಭಾಗ ಒಂದನ್ನು ಬಿಟ್ಟು. ಅವಳು ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ನರ್ಸು. ಹೊಟ್ಟೆ ಹೊಲಿಯುವ ಮುಂಚೆ ಕತ್ತರಿ, ಬಟ್ಟೆ, ಸೂಜಿ ಎಲ್ಲವನ್ನೂ ಎಣಿಸುವುದು ಅವಳ ಕೆಲಸ. ಬಿಟ್ಟದ್ದು ಯಾವುದು ಎಂದು ಹುಡುಕುವುದು ಅವಳಿಗೆ ಅಭ್ಯಾಸ.

ಆ ಹುಡುಗಿ ಚೀಟಿ ಎತ್ತಿದ್ದಳೋ ಇಲ್ಲವೋ ಎಂದು ಕೇಳಿದಳು. ಪುಸ್ತಕದಲ್ಲಿ ಹಾಗಿದೆ ಎಂದೆ.

"ಪುಸ್ತಕ ಕೇಳಿಲ್ಲ ರೀ. ನಾವು ಎಣಿಸಿ ಆಮೇಲೆ ಬರೀತೀವಿ. ನೀವು?"

ನಾನು ನಗಿಸಲು ನೋಡಿದೆ. ನಿರ್ದೇಶಕರ ದನಿಯಲ್ಲಿ ನಾನು ಹೇಳ್ತಾ ಇಲ್ಲ ಎಂದು ಶುರು ಮಾಡಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ಹೊರಗೆ ಬಂದು, ಅವಳ ಕಡೆಯವರು ಯಾರಾದರೂ ಇದ್ದಾರಾ, ಆ ಹುಡುಗಿಗೆ, ಎಂದು ಮಾತ್ರ ಕೇಳಿದಳು. ಅಪ್ಪ ಒಬ್ಬರೇ, ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್ಕು ಎಂದೆ. ಆ ವಾರವೆಲ್ಲ ನನ್ನಾಕೆ ನನ್ನೊಡನೆ ಬೇಕಾದಷ್ಟು ಮಾತಾಡಿದಳು: ಗ್ಯಾಸು ಮುಗಿದಿದೆ, ಬಾಗಿಲು ಹಾಕಿ, ಮಾತ್ರೆ ತಗೊಳ್ಳಿ. ಬೇಡದ ಮಾತು ಒಂದನ್ನೂ ಆಡಲಿಲ್ಲ. ಬೇಡದ ಮಾತಿನಿಂದಲೇ ನಮ್ಮ ಸಂಸಾರ ನಡೆದಿತ್ತು ಎಂದು ನನಗೆ ಆಗ ತಿಳಿಯಿತು.

ಹತ್ತೊಂಬತ್ತನೆಯ ದಿನ ಸಮಿತಿಯ ಅಧ್ಯಕ್ಷರ ಕೋಣೆಗೆ ನಾನಾಗಿಯೇ ಹೋದೆ. ನಿವೃತ್ತ ನ್ಯಾಯಾಧೀಶರು ಅವರು, ಎರಡು ವಾಕ್ಯಗಳ ನಡುವೆ ಕನ್ನಡಕ ಒರೆಸುವವರು. ನಾನು ಗಾಜಿನ ಕಡೆ ನೋಡಲೇ ಇಲ್ಲ, ಗಡಿಯಾರ ನೋಡಿ ಹೇಳಿದೆ, ಆ ಪುಸ್ತಕ ಬೆಳಿಗ್ಗೆಯೇ ಬರೆದದ್ದು, ಹಾಗೆ ಬರೆಯಲು ಕಲಿಸಿದವನು ನಾನು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರು ಕನ್ನಡಕ ಒರೆಸಿಕೊಂಡರು. ಕಡತದಿಂದ ಒಂದು ಹಾಳೆ ತೆಗೆದರು. ಕಮಾಂಡರನ ಹೆಂಡತಿಯ ಹೇಳಿಕೆ. ವಿವರಣೆಗಾರರು ನನ್ನ ಮನೆಗೆ ಬಂದು, ಹಸಿರು ಚೀಟಿ ತೋರಿಸಿದ್ದರಿಂದಲೇ ಮಾತಾಡಿದೆ ಎಂದು ಹೇಳಿದರು, ಚೀಟಿ ತೋರಿಸಿದವರ ಹೆಸರನ್ನೂ ಕೊಟ್ಟರು ಎಂದು ಅದರಲ್ಲಿತ್ತು. ಕಾಗುಣಿತ ಸರಿಯಾಗಿತ್ತು.

"ಗಂಡ ಸತ್ತ ಹೆಂಗಸಿಗೆ ಒಂದು ಹೇಳಿದೀರಿ, ನನಗೆ ಇನ್ನೊಂದು ಹೇಳ್ತಿದೀರಿ," ಎಂದರು ಅಧ್ಯಕ್ಷರು. "ಸಹೋದ್ಯೋಗಿ ಮೇಲಿನ ಕನಿಕರ ಅಂತ ನಾನು ಬರ್ಕೋಬೇಕಾಗುತ್ತೆ. ಶುಕ್ರವಾರ ವರದಿಗೆ ಸಹಿ ಹಾಕ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಬರೆಸಿದ್ದರು. ಮುತ್ತಿನ ವಿಷಯ ಗೊತ್ತಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ನೋಡದೆ ಆಡಿದ್ದನ್ನೆಲ್ಲ ಜನ ನಂಬಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಿದ ದಿನ ನನ್ನ ಎದುರಿಗಿದ್ದದ್ದು ನಾನೇ ಹೇಳಿದ ಸುಳ್ಳು, ಅದಕ್ಕೆ ಸಾಕ್ಷಿ ಸಹಿ ಬೇರೆ.

ಅವತ್ತು ಬುಧವಾರ. ಸಂಜೆ ಮತ್ತೆ ಆ ಮೂರನೆಯ ಮಹಡಿಗೆ ಹತ್ತಿದೆ. ಆಕೆ ಬಾಗಿಲು ತೆರೆದವರು ಅರ್ಧಕ್ಕೇ ಹಿಡಿದುಕೊಂಡು ನಿಂತರು. ಅಲ್ಲೇ ಮೆಟ್ಟಿಲ ಬಳಿ ಎಲ್ಲವನ್ನೂ ಹೇಳಿದೆ. ಆಕೆಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಇನ್ನೇನೋ ಲೆಕ್ಕ ಹಾಕುತ್ತಿದ್ದರು.

"ಆ ಹುಡುಗಿ ಬಂದಿದ್ಲು," ಎಂದರು. "ನಾನು ಕೆಂಪೇ ತೋರಿಸಿದ್ದು ಅಕ್ಕಾ ಅಂದ್ಲು. ಇಲ್ಲೇ ನಿಲ್ಲಿಸಿ, ನನ್ನ ಮಗಳ ಕಣ್ಣಿಗೆ ಬೀಳ್ಬೇಡ ಹೋಗು ಅಂದೆ. ಇಷ್ಟೂ ಮೆಟ್ಟಿಲು ಗೋಡೆಗೆ ಒರಗಿಕೊಂಡು ಇಳಿದ್ಲು."

ಹೇಳಿಕೆ ವಾಪಸ್ಸು ತೆಗೆದುಕೊಳ್ಳಿ ಎಂದು ಕೇಳಿಕೊಂಡೆ. ಇವತ್ತು ಹೇಳುತ್ತಿರುವುದು ನಿಜವೆಂದು ತಾನು ಹೇಗೆ ನಂಬಬೇಕು, ಅವತ್ತೂ ಇದೇ ಮುಖ ಇತ್ತು ಎಂದರು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಗು ಬಂದು ತಾಯಿಯ ತೋಳಿನ ಕೆಳಗಿನಿಂದ ನನ್ನನ್ನು ನೋಡಿತು. ಶಾಲೆಯ ಸಾಕ್ಸು ಇನ್ನೂ ಬಿಚ್ಚಿರಲಿಲ್ಲ. ಯಾರಮ್ಮ ಎಂದು ಕೇಳಿತು. ಅವತ್ತು ಟೀವೀಲಿ ಮಾತಾಡಿದವರು ಎಂದರು ತಾಯಿ.

ಮಗು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆಯಿತು. "ಇವರಲ್ಲ," ಎಂದಿತು. "ಅವರ ವಾಯ್ಸು ಹಿಂಗಿರ್ಲಿಲ್ಲ. ಇದೂ ಸುಳ್ಳು."

ತಾಯಿ ಕಣ್ಣು ಮುಚ್ಚಿದರು. ದಿನಕ್ಕೆ ಎಷ್ಟು ಸಲ ಆ ಮಾತು ಕೇಳುತ್ತಿದ್ದರೋ.

ಜೀವಮಾನವೆಲ್ಲ ಬೇರೆಯವರ ದನಿ ಮಾಡಿದವನಿಗೆ ತನ್ನದನ್ನೇ ಮಾಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿದೆ. ಹೊಟ್ಟೆಯಿಂದ ಉಸಿರು ಎತ್ತಿಕೊಂಡೆ. ಆ ಬಾಗಿಲಲ್ಲಿ, ಆ ತಾಯಿಯ ಎದುರಿಗೆ, ಅದೇ ಇಳಿತ, ಅದೇ ಏರಿಕೆಯಲ್ಲಿ ಹೇಳಿದೆ:

"ಮುಖ್ಯ ಪ್ಯಾರಾಚೂಟ್ ತೆರೆದಿದೆ. ಮನೆಯವರು ಇನ್ನು ನಿರಾಳವಾಗಿ ಉಸಿರು ಬಿಡಬಹುದು."

ಆಕೆ ಗೋಡೆಗೆ ತಿರುಗಿದರು. ಮಗು ಮಾತ್ರ ಕದಲಲಿಲ್ಲ.

"ಹೌದು, ಇವರೇ," ಎಂದಿತು. ಆಮೇಲೆ ನನ್ನನ್ನು ಕೇಳಿತು, "ನಿಮಗೆ ಕಾಣಿಸಿತ್ತಾ?"

"ಇಲ್ಲ ಮಗು. ನಾನು ನೋಡಿದ್ದು ಗಡಿಯಾರ. ಆ ಹೊತ್ತಿಗೆ ತೆರೀಬೇಕಿತ್ತು, ಅದಕ್ಕೆ ತೆರೆದಿದೆ ಅಂದೆ. ಒಬ್ಬ ಅಕ್ಕ ಕೆಂಪು ಚೀಟಿ ಹಿಡ್ಕೊಂಡು ಬೇಡ ಬೇಡ ಅಂತಿದ್ಲು. ನಾನು ತಿರುಗಿ ನೋಡಿಲ್ಲ."

ಮಗು ತಾಯಿಯ ಬೆನ್ನಿನ ಕಡೆ ತಿರುಗಿ, ಅಮ್ಮನಿಗೂ ಗೊತ್ತಿರಲಿಲ್ಲ ಹಾಗಾದರೆ ಎಂದು, ಪ್ರಶ್ನೆಯೂ ಅಲ್ಲ ಉತ್ತರವೂ ಅಲ್ಲ ಎಂಬಂತೆ ಹೇಳಿತು. ತಾಯಿ ತಿರುಗಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿದರು. ಮಗು ಆ ಕೈಯನ್ನು ತಕ್ಷಣ ಹಿಡಿಯಲಿಲ್ಲ. ನೋಡಿತು, ಆಮೇಲೆ ಒಂದು ಬೆರಳು ಹಿಡಿಯಿತು.

ಹೊಸ ಹೇಳಿಕೆ ಬರೆಯುವಾಗ ಆಕೆ ನನಗೆ ಕೂರಲು ಹೇಳಲಿಲ್ಲ. ಮೇಜಿನ ಬಳಿ ನಿಂತೇ ನಾನು ನನ್ನದನ್ನು ಬರೆದೆ, ಆಕೆ ಕೂತು ತಮ್ಮದನ್ನು ಬರೆದರು. ನನ್ನ ಹಾಳೆಯನ್ನು ಓದಿ, ಒಂದು ವಾಕ್ಯದ ಮೇಲೆ ಬೆರಳಿಟ್ಟರು. ಸಂವಹನದಲ್ಲಿ ಉಂಟಾದ ಲೋಪದಿಂದಾಗಿ ಎಂದು ಬರೆದಿದ್ದೆ. ಕೈಗೆ ಅಷ್ಟು ರೂಢಿಯಾಗಿತ್ತು. ಹೊಡೆದು ಹಾಕಿ, ನಾನು ನೋಡಲಿಲ್ಲ ಎಂದು ಬರೆದೆ. ಇದು ನಿಮಗೋಸ್ಕರ ಅಲ್ಲ, ನಾನು ಬಾಗಿಲಿಂದ ಅಟ್ಟಿದವಳಿಗೋಸ್ಕರ ಎಂದು ಹೇಳಿ ಆಕೆ ಎರಡೂ ಹಾಳೆ ನನ್ನ ಕೈಗಿಟ್ಟರು. ಗುರುವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಅಧ್ಯಕ್ಷರ ಕೋಣೆಯ ಹೊರಗೆ ನಿಂತಿದ್ದೆ.

ಅಲ್ಲಿಂದ ನಾಲ್ಕನೆಯ ದಿನ ಚೀಟಿಯ ಅಮಾನತು ರದ್ದಾಯಿತು. ನನ್ನದು ಶುರುವಾಯಿತು, ಅದಕ್ಕೆ ಕೊನೆ ಇರಲಿಲ್ಲ. ನಿವೃತ್ತಿಗೆ ಇನ್ನು ಎರಡು ತಿಂಗಳು ಉಳಿದಿದ್ದವನನ್ನು ವಜಾ ಮಾಡಿದರು. ಪತ್ರಿಕೆಗಳು ಅಶರೀರವಾಣಿಯ ಫೋಟೋ ಹಾಕಿದವು. ಲಿಫ್ಟಿನವರು ಮಾತ್ರ ನೋಡಿದ್ದ ಮುಖವನ್ನು ಎಲ್ಲರೂ ನೋಡಿದರು. ನನ್ನಾಕೆ ಪತ್ರಿಕೆ ಓದಿ ಮಡಚಿಟ್ಟಳು. ಫೋಟೋದಲ್ಲಿ ಅಂಗಿಯ ಕಾಲರು ಮಡಚಿದೆ ಎಂದಳು. ನಮ್ಮ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿದ ಬೇಡದ ಮಾತು ಅದು.

ಗುರುತಿನ ಚೀಟಿ ಒಪ್ಪಿಸಲು ಹೋದ ದಿನ ಕಾರಿಡಾರಿನಲ್ಲಿ ಆ ಹುಡುಗಿ ಎದುರಾದಳು. ಇಳಿದುಹೋಗಿದ್ದಳು. ಅವಳೊಂದು ಥ್ಯಾಂಕ್ಸ್ ಹೇಳುತ್ತಾಳೆಂದು ನನಗೆ ಒಳಗೊಳಗೇ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವಳು ನಿಂತಳು.

"ಮೂರನೇ ದಿನಾನೇ ನಿರ್ದೇಶಕರು ನಿಮ್ಮನ್ನ ಕೇಳಿದ್ರಂತಲ್ಲ ಸಾರ್."

ಹೌದು ಎಂದೆ.

"ನಮ್ಮಪ್ಪ ಡಿಪೋಗೆ ಹೋಗಿಲ್ಲ, ಮೂರು ವಾರ ಆಯ್ತು. ಅಲ್ಲಿ ಎಲ್ಲರೂ, ಮೂರು ಜನರನ್ನ ಕೊಂದ ಹುಡುಗಿ ಅಪ್ಪ ಅಂತಾರಂತೆ. ಈಗ ಬನ್ನಿ ಅಂತ ಕರೀತಿದಾರೆ. ಅವರು ಹೋಗಲ್ಲ ಅಂತಾರೆ. ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

ಯಾರೋ ಬಾಗಿಲು ತೆರೆದು ಅವಳನ್ನು ಒಳಗೆ ಕರೆದರು. ಬಂದೆ ಎಂದಳು, ಆದರೆ ಹೋಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕಾದಳು. ಇನ್ನೊಂದು ಸಲ ಕರೆದರು. ಅವಳು ಹೋದಳು.